ನೂರು ತುಂಬಿದ ಶಾಲೆ, ಡಬರಿಯಲ್ಲಿ ಉಳಿದ ವಹಿಗಳು

ಊರ ಹಿರಿಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ನಮ್ಮ ಕ್ಲಸ್ಟರಿನ ಎಲ್ಲ ಗುರುಗಳಿಗೆ, ಅಕ್ಕೋರಿಗೆ ಶರಣು.

ಶತಮಾನೋತ್ಸವ ಮುಗಿದು ಪೆಂಡಾಲು ಬಿಚ್ಚಿಯಾಯಿತು. ಯಾರು ಬಂದರು, ಯಾರು ಮಾತಾಡಿದರು, ಹೊಳೆ ಬಂದ ವರ್ಷ ಏನೇನು ಹೋಯಿತು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ದೇಣಿಗೆ ಕೊಟ್ಟವರ ಹೆಸರು ಶಾಲೆಯ ಗೋಡೆಯ ಮೇಲಿದೆ, ಲೆಕ್ಕಪತ್ರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿಯಾಗಿದೆ. ಈ ಬರಹ ಗೋಡೆಯ ಮೇಲೆ ಹೆಸರಿಲ್ಲದವರಿಗೆ. ಅವರಲ್ಲೂ ಮುಖ್ಯವಾಗಿ ಒಬ್ಬರಿಗೆ.

ಉತ್ಸವದ ಎರಡೂ ದಿನ ವೇದಿಕೆಯ ಮುಂದೆ ಕೂತವರಿಗಿಂತ ಹೆಚ್ಚು ಜನ ಐದನೇ ಇಯತ್ತೆಯ (ತರಗತಿಯ) ಕೋಣೆಯಲ್ಲಿ ನಿಂತಿದ್ದರು. ಅಲ್ಲಿ ದಾಖಲಾತಿ ವಹಿಗಳನ್ನು, ಹಳಬರ ಮಾತಿನಲ್ಲಿ ಜನರಲ್ ರಜಿಸ್ಟರುಗಳನ್ನು, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆವು. 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದು ಶಾಲೆಗಳು ಲೋಕಲ್ ಬೋರ್ಡಿನ ಕೈಗೆ ಹೋದ ಕಾಲದಿಂದ ಅವು ಶುರುವಾಗುತ್ತವೆ. ಮೊದಲ ಪುಸ್ತಕಗಳ ಮೊಹರಿನಲ್ಲಿ ಮುಂಬೈ ಇಲಾಖೆ, ಧಾರವಾಡ ಜಿಲ್ಲೆ. 1956ರ ಆಚೆ ಮೈಸೂರು ರಾಜ್ಯ, 1973ರ ಆಚೆ ಕರ್ನಾಟಕ, 1997ರ ಆಚೆ ಗದಗ ಜಿಲ್ಲೆ. ಊರು ಕದಲಲಿಲ್ಲ, ಮೊಹರು ಮಾತ್ರ ಬದಲಾಗುತ್ತ ಬಂತು. ತಮ್ಮ ಹೆಸರು ಸಿಕ್ಕವರೆಲ್ಲ ಬೆರಳನ್ನು ಜನ್ಮದಿನಾಂಕದ ಕಾಲಮಿಗೆ ಒಯ್ದರು. ಪುಟದ ಮೇಲಿನಿಂದ ಕೆಳಗಿನವರೆಗೆ 1-6, 1-6, 1-6. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಜೂನ್ ಒಂದನ್ನೇ ಬರೆಯುತ್ತಿದ್ದರು. ಆ ಒಂದು ಸಾಲಿನ ಮೇಲೆ ಎಷ್ಟು ಜನರ ನೌಕರಿ, ನಿವೃತ್ತಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್ ನಿಂತಿವೆ ಎಂದು ಲೆಕ್ಕ ಹಾಕುವುದು ಕಷ್ಟ. ಮದುವೆಯಾಗಿ ಬೇರೆ ಊರು ಸೇರಿದ ನಮ್ಮ ಹೆಣ್ಣುಮಕ್ಕಳಿಗಂತೂ ತವರಿನ ಹೆಸರಿನಲ್ಲಿ ಉಳಿದ ಒಂದೇ ಸರಕಾರಿ ಕಾಗದ ಎಷ್ಟೋ ಸಲ ಇದೇ ಆಗಿರುತ್ತದೆ.

ಆ ವಹಿಗಳು ಇವತ್ತು ನಮ್ಮ ಕಣ್ಣ ಮುಂದಿರುವುದು ಬಿಸಿಯೂಟದ ಅಡುಗೆ ಮಾಡುವ ಅಕ್ಕನಿಂದ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಊರಿನವರಿಗೆ ಹೆಸರು ಹೇಳಬೇಕಾಗಿಯೂ ಇಲ್ಲ.

2019ರ ಆಗಸ್ಟಿನ ಆ ರಾತ್ರಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ಮಲಪ್ರಭೆಯ ನೀರಿಗೆ ಬೆಣ್ಣಿಹಳ್ಳವೂ ಕೂಡಿಕೊಂಡಿತ್ತು. ಸೇತುವೆ ಮುಳುಗಿ ಮುಖ್ಯ ಗುರುಗಳು ಹೊಳೆಯಾಚೆ ಸಿಕ್ಕಿಬಿದ್ದಿದ್ದರು. ತಗ್ಗಿನ ಓಣಿಯ 63 ಜನ ಶಾಲೆಯ ಮೇಲಂತಸ್ತಿನ ಎರಡು ಕೋಣೆ ಸೇರಿದ್ದರು. ಅಕ್ಕ ಆ ರಾತ್ರಿ ಯಾವುದನ್ನು ಮೊದಲು ಮಾಡಿದರು, ಯಾವುದನ್ನು ಆಮೇಲೆ ಮಾಡಿದರು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಹೊಳೆಸಾಲಿನ ಬೇರೆ ಶಾಲೆಗಳಿಗೂ ಇದು ಬೇಕಾಗುತ್ತದೆ.

ಮೊದಲು ಮುಟ್ಟಿದ್ದು ಗ್ಯಾಸು. 14.2 ಕೆ.ಜಿ.ಯ ಸಿಲಿಂಡರು ತುಂಬಿದ್ದಾಗ ಸುಮಾರು 30 ಕೆ.ಜಿ. ತೂಗುತ್ತದೆ. ಇಷ್ಟು ಭಾರದ್ದು ಅಲ್ಲೇ ನಿಲ್ಲುತ್ತದೆ ಎಂದು ನಂಬುವವರು ಬಹಳ. ಆದರೆ ತುಂಬಿದ ಸಿಲಿಂಡರೂ ನೀರಿನಲ್ಲಿ ತೇಲುತ್ತದೆ. ತೇಲಿ ಅತ್ತಿತ್ತ ಜಗ್ಗಿದಾಗ ಪೈಪು ಕಿತ್ತು ಗ್ಯಾಸು ಸೋರುತ್ತದೆ, ಕತ್ತಲಲ್ಲಿ ಯಾರೋ ಕಂದೀಲು ಹಿಡಿದು ಬಂದರೆ ಮುಗಿಯಿತು. ಅಕ್ಕ ರೆಗ್ಯುಲೇಟರು ಬಿಚ್ಚಿ, ಮುಚ್ಚಳ ಹಾಕಿ, ಎರಡೂ ಸಿಲಿಂಡರುಗಳನ್ನು ಹುಡುಗರ ಕೈಯಲ್ಲಿ ಮೇಲೆ ಸಾಗಿಸಿದರು. ಒಲೆಯನ್ನು ಒಳಗೆ ಹಚ್ಚಲು ಬಿಡದೆ ಜನ ಮಲಗಿದ್ದ ಕೋಣೆಯಿಂದ ದೂರ, ವರಾಂಡದ ತುದಿಗೆ ಇಡಿಸಿದರು.

ಆಮೇಲೆ ಅಕ್ಕಿ. 50 ಕೆ.ಜಿ. ಚೀಲಗಳಲ್ಲಿ ಅಡಿಯ ಸಾಲಿಗೆ ಆಗಲೇ ನೀರು ತಾಗಿತ್ತು. ಮೇಲಿನ ಸಾಲನ್ನಷ್ಟೇ ಎತ್ತಿಸಿದರು, ತೊಯ್ದ ಚೀಲದ ಒಂದು ಹಿಡಿಯನ್ನೂ ಮುಟ್ಟಗೊಡಲಿಲ್ಲ. ತೊಯ್ದ ಅಕ್ಕಿ ಒಂದು ದಿನ ನೋಡಲು ಚೆನ್ನಾಗಿಯೇ ಇರುತ್ತದೆ, ಚೀಲದ ನಡುವೆ ಕೈ ಹಾಕಿದರೆ ಬೆಚ್ಚಗಿರುತ್ತದೆ, ಆಗಲೇ ಕೆಟ್ಟಿರುತ್ತದೆ. ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಬಿಸಿಯೂಟದ ಲೆಕ್ಕ ತಲೆಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಅದನ್ನೇ ಹಿಡಿದು 63 ಜನಕ್ಕೆ ಒಂಬತ್ತೂವರೆ ಕೆ.ಜಿ. ಅಕ್ಕಿ, ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ ಬೇಳೆ ಅಳೆದು ಹಾಕಿದರು. ಎಷ್ಟು ದಿನ ಅಲ್ಲೇ ಇರಬೇಕಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಅಂದಾಜಿಗೆ ಸುರಿಯಲಿಲ್ಲ. ಕೊಳವೆಬಾವಿಯ ನೀರು ಬೇಡವೆಂದು ತಾರಸಿಯ ಮೇಲಿನ ಸಿಂಟೆಕ್ಸಿನ ನೀರನ್ನೇ ಕುದಿಸಿದರು. ಬೆಳಗಿನ ಜಾವ ಮಕ್ಕಳಿಗೆ ಕ್ಷೀರಭಾಗ್ಯದ ಪುಡಿಯಲ್ಲಿ ಹಾಲು ಮಾಡಿಕೊಟ್ಟರು. ತಲೆಗೆ 18 ಗ್ರಾಂ ಪುಡಿ, 10 ಗ್ರಾಂ ಸಕ್ಕರೆ, 150 ಮಿ.ಲೀ. ಹಾಲು. ಅಂಥ ಹೊತ್ತಿನಲ್ಲೂ ಅಳತೆ ತಪ್ಪಲಿಲ್ಲ.

ಅನ್ನಕ್ಕೆ ಇಟ್ಟು ಅವರು ಮತ್ತೆ ಕೆಳಗಿಳಿದರು. ಕಚೇರಿಯ ಕಪಾಟಿನ ಕೀಲಿ ಮುಖ್ಯ ಗುರುಗಳ ಕಿಸೆಯಲ್ಲಿ, ಹೊಳೆಯಾಚೆ. ಫೋನಿನಲ್ಲಿ ಅವರನ್ನು ಕೇಳಿ, ಒಪ್ಪಿಗೆ ಸಿಕ್ಕ ಮೇಲೆಯೇ ಹಾರೆಯಿಂದ ಬೀಗ ಒಡೆದರು. ಮೇಲಿನ ಎರಡು ಅಂಕಣದ ವಹಿಗಳು ಒಣಗಿಯೇ ಇದ್ದವು. ಅವನ್ನು ಅನ್ನ ಬಸಿಯುವ ದೊಡ್ಡ ಅಲ್ಯೂಮಿನಿಯಂ ಡಬರಿಯಲ್ಲಿಟ್ಟು, ಮುಚ್ಚಳ ಮುಚ್ಚಿ, ಹುರಿಯಿಂದ ಬಿಗಿದು, ನೀರಿನ ಮೇಲೆ ತೇಲಿಸಿಕೊಂಡೇ ಮೆಟ್ಟಿಲವರೆಗೆ ತಂದರು. ಇಂಥದ್ದು ಎರಡು ಸಲ. ಮೂರನೆಯ ಸಲ ಇಳಿದಾಗ ನೀರು ಎದೆಮಟ್ಟ ಬಂದಿತ್ತು.

ಅಡಿಯ ಅಂಕಣದ ಏಳು ವಹಿ ತೊಯ್ದು ಉಬ್ಬಿ ಒಂದಕ್ಕೊಂದು ಬಿಗಿದು ಕೂತಿದ್ದವು. ತೊಯ್ದ ಪುಸ್ತಕ ಬಿಗಿಯಾದ ಕಪಾಟಿನಲ್ಲಿ ಎಷ್ಟು ಬಲವಾಗಿ ಉಬ್ಬುತ್ತದೆ ಎಂದರೆ ಕಪಾಟಿನ ತಗಡೇ ಹೊರಗೆ ಬಾಗುತ್ತದೆ. ಬೆನ್ನು ಹಿಡಿದು ಎಳೆದಿದ್ದರೆ ರಟ್ಟು ಕೈಗೆ ಬಂದು ಹಾಳೆಗಳು ಒಳಗೇ ಉಳಿಯುತ್ತಿದ್ದವು. ಅಕ್ಕ ವಹಿಗಳನ್ನು ಎಳೆಯಲಿಲ್ಲ, ಹಾರೆ ಮೀಟಿ ತಗಡನ್ನು ಬಗ್ಗಿಸಿದರು, ಏಳನ್ನೂ ಒಟ್ಟಿಗೆ ತಬ್ಬಿ ಎತ್ತಿದರು. ಮೇಲೆ ತಂದಾಗ ಯಾರೋ ಹಾಳೆ ಬಿಡಿಸಿ ಒಣಹಾಕಲು ಹೋದರು. "ಹಸೀ ಹಪ್ಪಳ ಬಿಡಸಾಕ ಹೋದ್ರ ಹರೀತಾವು. ಹಂಗ ಮುಚ್ಚೇ ಇರಲಿ, ಮುಟ್ಟಬ್ಯಾಡ್ರಿ" ಎಂದು ತಡೆದರು. ಏಳು ವಹಿಗಳೂ ಉಳಿದದ್ದು ಈ ಒಂದು ಮಾತಿನಿಂದ.

ಮುಂದಿನ ಕೆಲಸ ಹಲವರ ಕೈಯದು. ತೊಯ್ದ ಕಾಗದಕ್ಕೆ ನಮ್ಮ ಹವೆಯಲ್ಲಿ ಸುಮಾರು 48 ತಾಸಿನೊಳಗೆ ಬೂಸಲು ಹಿಡಿಯಲು ಶುರುವಾಗುತ್ತದೆ. ಏಳನ್ನೂ ಅಷ್ಟರಲ್ಲಿ ಒಣಗಿಸುವುದು ಆಗದ ಮಾತು. ಆದ್ದರಿಂದ ನಾಲ್ಕನ್ನು ಬಟರ್ ಪೇಪರಿನಲ್ಲಿ ಸುತ್ತಿ, ಬೆನ್ನು ಕೆಳಗೆ ಮಾಡಿ, ತಾಲ್ಲೂಕು ಪಟ್ಟಣದ ಐಸ್‌ಕ್ರೀಮ್ ಅಂಗಡಿಯವರ ಫ್ರೀಜರಿನಲ್ಲಿ ಇಡಲಾಯಿತು. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಸಲು ಬೆಳೆಯುವುದಿಲ್ಲ, ಪುರುಸೊತ್ತಿನಿಂದ ಒಂದೊಂದನ್ನೇ ತೆಗೆಯಬಹುದು. ಹೊರಗುಳಿದ ಮೂರನ್ನು ಮುಚ್ಚಿ ಹಿಡಿದೇ ಶುದ್ಧ ನೀರಿನಲ್ಲಿ ಅಂಚಿನ ರಾಡಿ ತೊಳೆಯಬೇಕಾಯಿತು. ನಮ್ಮದು ಎರೆಮಣ್ಣು, ಒಣಗಿದ ಮೇಲೆ ಸಿಮೆಂಟಿನ ಹಾಗೆ ಹಾಳೆಗಳನ್ನು ಕಚ್ಚುತ್ತದೆ, ಹಸಿಯಿದ್ದಾಗಲೇ ಹೋಗಬೇಕು. ಆಮೇಲೆ ಹತ್ತು ಹದಿನೈದು ಹಾಳೆಗೊಂದು ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆ ಸೇರಿಸಿ, ವಹಿಯನ್ನು ನೆಟ್ಟಗೆ ನಿಲ್ಲಿಸಿ, ಫ್ಯಾನಿನ ಗಾಳಿ ಕೋಣೆಯಲ್ಲಿ ಆಡುವಂತೆ ಮಾಡಿ, ಒಳಗಿಟ್ಟ ಹಾಳೆ ತೊಯ್ದಾಗಲೆಲ್ಲ ಬದಲಿಸುತ್ತ ಹೋಗುವುದು. ಇಲ್ಲಿ ಆಗುವ ತಪ್ಪು ಎರಡು. ಬೇಗ ಒಣಗಲಿ ಎಂದು ಬಿಸಿಲಿಗೆ ಇಡುವುದು ಒಂದು, ಆಗ ಹಾಳೆ ಸುರುಟಿ ಗಡುಸಾಗುತ್ತದೆ. ಹೆಚ್ಚು ಹೀರಲಿ ಎಂದು ವಿಪರೀತ ಹಾಳೆ ತುರುಕುವುದು ಇನ್ನೊಂದು, ಆಗ ಹೊಲಿಗೆ ಹರಿದು ಬೆನ್ನು ಒಡೆಯುತ್ತದೆ. ಒಳಗೆ ಇಡುವ ಕಾಗದ ವಹಿಯ ದಪ್ಪದ ಮೂರನೇ ಒಂದು ಪಾಲು ಮೀರಬಾರದು.

ಶಾಯಿಯ ವಿಷಯವನ್ನು ಎಲ್ಲ ಶಾಲೆಯವರೂ ಗಮನಿಸಬೇಕು. ತೀರಾ ಹಳೆಯ ಪುಟಗಳೇ ಗಟ್ಟಿಯಾಗಿ ಉಳಿದವು. ಟಾಕನ್ನು (ಲೇಖನಿಯ ಮೊನೆಯನ್ನು) ಅದ್ದಿ ಬರೆದ ಆ ಕಾಲದ ನೀಲಿಗಪ್ಪು ಶಾಯಿಯಲ್ಲಿ ಕಬ್ಬಿಣದ ಅಂಶವಿತ್ತು. ಬರೆದ ಮೇಲೆ ಗಾಳಿ ತಾಗಿ ಕಾಗದದ ನಾರಿನಲ್ಲೇ ಕಪ್ಪಾಗಿ ಕಚ್ಚಿಕೊಂಡದ್ದು ನೀರಿಗೆ ಬಿಡಲಿಲ್ಲ. ಆಮೇಲಿನ ದಶಕಗಳ ಬರಿ ನೀಲಿ ಶಾಯಿ ಹರಿದುಹೋಗಿ ಪುಟವೆಲ್ಲ ತಿಳಿನೀಲಿಯಾಗಿತ್ತು, ಕೆಂಪು ಶಾಯಿಯ ತಿದ್ದುಪಡಿಗಳು ಅಕ್ಕಪಕ್ಕದ ಸಾಲುಗಳನ್ನೂ ನುಂಗಿದ್ದವು. ಬಾಲ್‌ಪೆನ್ನಿನ ಬರಹ ಬಹುಪಾಲು ನಿಂತಿತು. ಮಾಸಿದ ಸಾಲಿನ ಮೇಲೆ ಯಾರೂ ಹೊಸ ಶಾಯಿ ಓಡಿಸಬಾರದು, ಓಡಿಸಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಹಾಜರಿ ಪುಸ್ತಕ, ಫಲಿತಾಂಶದ ಪಟ್ಟಿ, ಕೊಟ್ಟ ದಾಖಲೆಗಳ ಸ್ಥಳಪ್ರತಿ ಇವನ್ನು ತಾಳೆ ನೋಡಿ, ಬೇರೆ ವಹಿಯಲ್ಲಿ ಬರೆದು, ಯಾವ ಆಧಾರದಿಂದ ಬರೆದದ್ದು ಎಂದು ಪಕ್ಕದಲ್ಲೇ ಕಾಣಿಸಬೇಕು. ನಮ್ಮ ಅಕ್ಕೋರಿಬ್ಬರು ಎರಡು ಬೇಸಿಗೆ ರಜೆ ಇದಕ್ಕೇ ಕೊಟ್ಟರು.

ನ್ಯೂಸ್‌ಪ್ರಿಂಟ್ ರೀಮುಗಳನ್ನು ಕಾಸು ತೆಗೆದುಕೊಳ್ಳದೆ ಕಳಿಸಿದ ಗದಗಿನ ಮುದ್ರಣಾಲಯದವರು, ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಜಾಗ ಬಿಟ್ಟುಕೊಟ್ಟ ಅಂಗಡಿಯವರು, ಪ್ರತಿ ಪುಟದ ಫೋಟೊ ತೆಗೆದು ವಹಿ ನಂಬರು, ಪುಟದ ನಂಬರು ಹಾಕಿ ಮೂರು ಕಡೆ ಇಟ್ಟ ಹಳೆಯ ವಿದ್ಯಾರ್ಥಿಗಳು, ರಾಡಿ ತೆಗೆಯಲು ಸಲಿಕೆ ಹಿಡಿದು ಬಂದ ಪಕ್ಕದ ಐದು ಶಾಲೆಗಳ ಗುರುಗಳು, ಬೆಂಚು ಮಾಡಿಕೊಟ್ಟ ಬಡಿಗೇರ ಮನೆಯವರು, ನಿಮಗೆಲ್ಲ ಈ ಶಾಲೆ ಋಣಿ.

ಇನ್ನೊಂದು ಮಾತನ್ನು ಇಷ್ಟು ವರ್ಷ ಯಾರೂ ಬರೆದಿರಲಿಲ್ಲ. ಅಕ್ಕ ಮೂರನೆಯ ಸಲ ಕೆಳಗಿಳಿದ ಹೊತ್ತಿಗೆ ಅವರ ಮಣ್ಣಿನ ಗೋಡೆಯ ಮನೆ ಕುಸಿಯುತ್ತಿತ್ತು. ಶಾಲೆಯಿಂದ ನಾಲ್ಕನೇ ಮನೆ. ಬಿದ್ದ ಸದ್ದು ಮೇಲಿದ್ದವರಿಗೆಲ್ಲ ಕೇಳಿಸಿದೆ. ಅವರಿಗೂ ಕೇಳಿಸಿದೆ. ಬೆಳಿಗ್ಗೆ ಬೋಟು ಬಂದಾಗ ನಾವು ಅವರನ್ನು ಕೇಳಿದ ಮೊದಲ ಮಾತು "ವಹಿ ಎಲ್ಲಿ?" ಮನೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಅವರು ಡಬರಿಯ ಹುರಿ ಬಿಚ್ಚಿ ತೋರಿಸಿದರು. ಅಕ್ಕಾ, ಅವತ್ತು ಕೇಳದೆ ಹೋದದ್ದಕ್ಕೆ ಇವತ್ತು ಎಲ್ಲರ ಮುಂದೆ ಕ್ಷಮೆ ಕೇಳುತ್ತೇವೆ.

ಅವರು ಎತ್ತಿ ತಂದ ಏಳರಲ್ಲಿ ಒಂದರೊಳಗೆ ಅವರದೇ ಸಾಲು ಇದೆ. ಮೂರನೇ ಇಯತ್ತೆ, ಶಾಲೆ ಬಿಟ್ಟ ಕಾರಣ: ಸತತ ಗೈರುಹಾಜರಿ. ಉತ್ಸವದ ದಿನ ಮೊಮ್ಮಗಳು ಅದನ್ನು ಓದಿ ಹೇಳಿದಳು. ಅವರು ಸ್ವಲ್ಪ ಹೊತ್ತು ಆ ಪುಟ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡು, ಹುಗ್ಗಿ ತಳ ಹಿಡಿದೀತು ಎಂದು ಒಲೆಯ ಕಡೆ ಹೋದರು. ಅವತ್ತಿನ ಹುಗ್ಗಿ ಉಂಡವರಿಗೆ ರುಚಿ ಗೊತ್ತು: ಕುಟ್ಟಿದ ಗೋಧಿ ಎಷ್ಟೋ ಬೆಲ್ಲವೂ ಅಷ್ಟೇ, ಗೋಧಿ ಪೂರಾ ಅರಳುವವರೆಗೆ ಬೆಲ್ಲ ಮುಟ್ಟಿಸುವಂತಿಲ್ಲ. ಮೊದಲೇ ಹಾಕಿದರೆ ಕಾಳು ಬಿರುಸಾಗಿ ನಿಂತುಬಿಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಬರುವ ವರ್ಷ ಅಕ್ಕನಿಗೆ ಅರವತ್ತು. ಬಿಸಿಯೂಟದ ಕೆಲಸ ಅರವತ್ತಕ್ಕೆ ಮುಗಿಯುತ್ತದೆ, ಪಿಂಚಣಿ ಇರುವುದಿಲ್ಲ. ಉತ್ಸವದಲ್ಲಿ ಉಳಿದ ಹಣದ ವಿಷಯ ಮುಂದಿನ ಸಭೆಗೆ ಬರುತ್ತದೆ. ಅದನ್ನು ಅವರ ಹೆಸರಿನಲ್ಲಿ ಅಂಚೆ ಕಚೇರಿಯ ಠೇವಣಿಯಾಗಿ ಇಡಬೇಕೆಂಬುದು ನಮ್ಮ ಕೋರಿಕೆ. ಸಭೆಗೆ ಬಂದು ಕೈ ಎತ್ತಿ.

ಏಳನೆಯ ವಹಿಯಲ್ಲಿ ಹನ್ನೊಂದು ಹಾಳೆ ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಬಲವಂತ ಮಾಡಿಲ್ಲ, ಮಾಡುವುದೂ ಇಲ್ಲ. 1983ರಿಂದ 1985ರ ನಡುವೆ ಒಂದನೇ ಇಯತ್ತೆಗೆ ಸೇರಿದವರು ತಮ್ಮ ಹಳೆಯ ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ), ಏಳನೇ ಇಯತ್ತೆಯ ಅಂಕಪಟ್ಟಿ ಏನಿದ್ದರೂ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ತನ್ನಿ. ಮೂಲವನ್ನು ತೋರಿಸಿದರೆ ಸಾಕು, ಜೆರಾಕ್ಸ್ ಕೊಟ್ಟು ಮೂಲ ವಾಪಸು ಒಯ್ಯಿರಿ. ಕಪಾಟನ್ನು ಮೇಲಂತಸ್ತಿಗೆ ಸಾಗಿಸಿದ್ದೇವೆ. ಅದಕ್ಕೆ ಈಗ ಎರಡು ಕೀಲಿ. ಒಂದು ಮುಖ್ಯ ಗುರುಗಳ ಹತ್ತಿರ, ಇನ್ನೊಂದು ಅಡುಗೆ ಕೋಣೆಯ ಮೊಳೆಗೆ ತೂಗುಹಾಕಿದೆ.