ಬೋರ್ಡ್ ಅಂಗಡಿಗಳ ತುಂಡುಗಳಿಗೆ ಒಂದು ಶೆಡ್ ಬೇಕು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ರಿಂಗ್ ರಸ್ತೆ ಪಕ್ಕದ ಮೋರಿಯಲ್ಲಿ ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಚೂರು, ಫ್ಲೆಕ್ಸ್ ಪಟ್ಟಿ, ಕಿತ್ತ ಸ್ಟಿಕ್ಕರ್ ಬಿದ್ದಿವೆ, ಇದೆಲ್ಲ ಅಂಗಡಿಗಳಿಗೆ ಹೆಸರಿನ ಬೋರ್ಡ್ ಮಾಡುವವರ ಕೆಲಸ ಅಂತ. ಓದಿದಾಗ ನನಗೆ ಸಿಟ್ಟು ಬಂತು. ಸಂಜೆ ಆ ಕಡೆ ಹೋಗುವಾಗ ಬೈಕ್ ನಿಲ್ಲಿಸಿ ನೋಡಿದೆ. ಅವರು ಬರೆದದ್ದು ನಿಜ. ಕೆಂಪು ಅಕ್ರಿಲಿಕ್‌ನ ಒಂದು ತುಂಡಿನಲ್ಲಿ ‘ಡಿ’ ಅಕ್ಷರ ಕತ್ತರಿಸಿ ತೆಗೆದ ಖಾಲಿ ಜಾಗ ಹಾಗೇ ಇತ್ತು. ಪುಣ್ಯಕ್ಕೆ ಆ ಫಾಂಟ್ ನನ್ನದಲ್ಲ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಬೋರ್ಡ್ ಅಂಗಡಿ. ಬ್ರಷ್ ಹಿಡಿದು ಶುರು ಮಾಡಿದವನು ನಾನು. ಆಗ ತಗಡಿನ ಬೋರ್ಡು, ಎನಾಮೆಲ್ ಬಣ್ಣ, ಅಳಿಲಿನ ಕೂದಲಿನ ಬ್ರಷ್. ಮಿಕ್ಕ ಬಣ್ಣದ ಡಬ್ಬಿಯ ಮುಚ್ಚಳ ಗಟ್ಟಿ ಹಾಕಿ ತಲೆಕೆಳಗೆ ಇಡುತ್ತಿದ್ದೆವು. ಕೆನೆ ಕಟ್ಟಿದರೂ ಅದು ತಳದಲ್ಲಿ ಕಟ್ಟುತ್ತಿತ್ತು, ಮುಚ್ಚಳ ತೆಗೆದರೆ ಮೇಲೆ ಒಳ್ಳೆ ಬಣ್ಣ. ಚೂರುಪಾರು ಉಳಿದ ಬಣ್ಣಗಳನ್ನೆಲ್ಲ ಒಟ್ಟಿಗೆ ಕಲಸಿದರೆ ಒಂದು ಕೊಳಕು ಬೂದು ಬರುತ್ತಿತ್ತು. ಅದು ಬೋರ್ಡಿನ ಬೆನ್ನಿಗೆ. ಹಳೇ ತಗಡನ್ನೇ ಉಜ್ಜಿ ಮತ್ತೆ ಬರೆಯುತ್ತಿದ್ದೆವು. ಒಂದೇ ತಗಡು ಮೂರು ಅಂಗಡಿಗೆ ಹೆಸರಾಗಿದ್ದನ್ನು ನೋಡಿದ್ದೇನೆ. ಎಸೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಈಗ ಹಾಗಲ್ಲ. ಅಕ್ರಿಲಿಕ್, ಎಸಿಪಿ ಅನ್ನುವ ಅಲ್ಯೂಮಿನಿಯಂ-ಪ್ಲಾಸ್ಟಿಕ್ ಪದರದ ಶೀಟ್, ಸನ್‌ಬೋರ್ಡ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆ, ಸ್ಟಿಕ್ಕರಿನ ವಿನೈಲ್, ಫ್ಲೆಕ್ಸ್, ಎಲ್‌ಇಡಿ ಮಾಡ್ಯೂಲ್, ಕಬ್ಬಿಣದ ಚೌಕ ಪೈಪು. ಒಂದೊಂದರ ಗುಣ ಒಂದೊಂದು. ಶೀಟ್ ಬರುವುದು 8 ಅಡಿಗೆ 4 ಅಡಿ. ಗಿರಾಕಿ ಕೇಳುವುದು 7 ಅಡಿಗೆ ಎರಡೂವರೆ. ಮಿಕ್ಕದ್ದು ನಮ್ಮ ತಲೆಮೇಲೆ.

ಅದರಲ್ಲೂ ಕನ್ನಡ ಅಕ್ಷರ! ಇಂಗ್ಲಿಷ್‌ನ ಎಲ್, ಟಿ, ಎಚ್ ಎಲ್ಲ ಕಡ್ಡಿ ಜೋಡಿಸಿದ ಹಾಗೆ, ಶೀಟಿನಲ್ಲಿ ಒತ್ತಾಗಿ ಕೂರುತ್ತವೆ. ನಮ್ಮದು ಎಲ್ಲಾ ಗುಂಡು. ‘ಬಟ್ಟೆ ಅಂಗಡಿ’ ಅಂತ ಒಂದಡಿ ಎತ್ತರಕ್ಕೆ ಕತ್ತರಿಸಿ ನೋಡಿ. ಬ-ದ ಹೊಟ್ಟೆಯ ಸುತ್ತ ವಂಕಿ ವಂಕಿ ತುಂಡು. ಟ್ಟೆಯ ಒತ್ತು ಕೆಳಗೆ ಇಳಿಯುವುದರಿಂದ ಆ ಸಾಲಿನಲ್ಲಿ ಪಕ್ಕದ ಜಾಗವೆಲ್ಲ ಖಾಲಿ. ಅಂ-ದ ಸೊನ್ನೆ ಕತ್ತರಿಸಿದರೆ ಒಳಗಿಂದ ಒಂದು ಬಿಲ್ಲೆ ಟಕ್ ಅಂತ ಉದುರುತ್ತದೆ. ಆ ಬಿಲ್ಲೆಗಳಿಗೆ ಅಂತಲೇ ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬಿ ಇದೆ. ಹುಡುಗರು ಅದಕ್ಕೆ ‘ಸೊನ್ನೆ ಡಬ್ಬಿ’ ಅಂತ ಹೆಸರಿಟ್ಟಿದ್ದಾರೆ. ಅಕ್ಷರವನ್ನು ಗೋಡೆಯಿಂದ ಅರ್ಧ ಇಂಚು ಎತ್ತಿ ನಿಲ್ಲಿಸಬೇಕಾದರೆ ಹಿಂದೆ ಎರಡು ಮೂರು ಬಿಲ್ಲೆ ಅಂಟಿಸುತ್ತೇವೆ. ‘ಮಠ’ ಅಂತ ಬರೆಯಲು ಠ-ದ ನಡುವಿನ ಚುಕ್ಕೆ ಬೇಕಲ್ಲ, ಅದೂ ಅಲ್ಲಿಂದಲೇ. ಒತ್ತಕ್ಷರಕ್ಕೆ ಯಾವತ್ತೂ ಹೊಸ ಶೀಟ್ ಮುಟ್ಟುವುದಿಲ್ಲ. ಮಿಕ್ಕ ತುಂಡು ಟೇಬಲ್ ಮೇಲೆ ಹರಡಿ, ಕಂಪ್ಯೂಟರಿನಲ್ಲಿ ಒತ್ತುಗಳನ್ನು ತಿರುಗಿಸಿ ತಿರುಗಿಸಿ ಕೂರಿಸುತ್ತೇವೆ. ದೋಸೆ ಹಂಚಿನ ಮೂಲೆಯಲ್ಲಿ ಮಿಕ್ಕ ಹಿಟ್ಟಿಗೆ ಪುಟ್ಟ ದೋಸೆ ಹುಯ್ಯುತ್ತಾರಲ್ಲ, ಹಾಗೆ.

ಬೆರಳಗಲದ ಅಕ್ರಿಲಿಕ್ ಚೂರಿಗೂ ಒಂದು ಗತಿ ಇದೆ. ಅಕ್ರಿಲಿಕ್ ಅಂಟಿಸಲು ನಾವು ಬಳಸುವುದು ಕ್ಲೋರೋಫಾರ್ಮ್. ಗಾಜಿನ ಬಾಟಲಿಯಲ್ಲಿ ಅದಕ್ಕೆ ಚೂರು ಹಾಕಿಟ್ಟರೆ ಒಂದು ರಾತ್ರಿಯಲ್ಲಿ ಕರಗಿ ಜೇನುತುಪ್ಪದಷ್ಟು ಗಟ್ಟಿಯಾಗುತ್ತದೆ. ಸಂದು ಸರಿಯಾಗಿ ಕೂರದ ಕಡೆ ಅದೇ ಅಂಟು, ಸಂದು ತುಂಬುವ ಪುಟ್ಟಿಯೂ ಅದೇ. ಕಿಟಕಿ ತೆರೆದಿಟ್ಟು ಮಾಡಬೇಕು. ಆ ವಾಸನೆ ಒಳ್ಳೆಯದಲ್ಲ.

ಇಷ್ಟೆಲ್ಲ ಬುದ್ಧಿ ನನಗೆ ಮೊದಲಿಂದ ಇತ್ತು ಅಂದುಕೊಳ್ಳಬೇಡಿ. ಮೊದಮೊದಲು ತುಂಡುಗಳನ್ನೆಲ್ಲ ಗೋಡೆಗೆ ಒರಗಿಸಿ ಬಿಡುತ್ತಿದ್ದೆ. ಮೇಲೆ ತಗಡಿನ ಛಾವಣಿ. ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ಬಿಲ್ಲಿನ ಹಾಗೆ ಬಾಗಿತು. ಮಲಗಿಸಿ ಒಂದರ ಮೇಲೊಂದು ಹೇರಿದ್ದ ವಿನೈಲ್ ರೋಲುಗಳಲ್ಲಿ ಗೆರೆ ಬಿತ್ತು, ಅಂಚಿನಿಂದ ಅಂಟು ಕಕ್ಕಿತು, ಅದಕ್ಕೆ ಧೂಳು ಮೆತ್ತಿತು. ಆಮೇಲೆ ಪ್ಲಂಬರ್ ಒಬ್ಬರು ಬಿಟ್ಟುಹೋದ ನಾಲ್ಕಿಂಚಿನ ಪೈಪು ತುಂಡುಗಳನ್ನು ಜೋಡಿಸಿ ನಿಲ್ಲಿಸಿ, ಒಂದೊಂದರೊಳಗೆ ಒಂದೊಂದು ರೋಲ್ ಇಳಿಸಿದೆ. ಶೀಟ್ ತುಂಡಿಗೆ ನೆಟ್ಟಗೆ ನಿಲ್ಲುವ ಹಾಗೆ ಅಡಿಗೊಂದು ಕಡ್ಡಿ ಕೊಟ್ಟು ಸ್ಟ್ಯಾಂಡ್ ಮಾಡಿದೆ. ಅದೂ ಹಳೇ ಬೋರ್ಡಿನ ಚೌಕ ಪೈಪಿನಲ್ಲೇ. ಒಂದಡಿಗಿಂತ ದೊಡ್ಡದು ಸ್ಟ್ಯಾಂಡಿಗೆ, ಒಂದು ಗೇಣಿನಿಂದ ಒಂದಡಿವರೆಗೆ ಡಬ್ಬಕ್ಕೆ, ಗೇಣಿಗಿಂತ ಸಣ್ಣದು ಚೀಲಕ್ಕೆ. ಅಕ್ರಿಲಿಕ್ ಮೇಲಿನ ಕಾಗದ ಮಾತ್ರ ಕೀಳುವಂತಿಲ್ಲ. ಕಿತ್ತರೆ ಗೀರು ಬೀಳುತ್ತದೆ, ಗೀರು ಬಿದ್ದದ್ದು ತುಂಡಲ್ಲ, ಕಸ.

ದೊಡ್ಡ ಪಾಠ ಕಲಿಸಿದ್ದು ಒಂದು ಬಿಳಿ ತುಂಡು. ಮೂರು ಎಂಎಂ, ಕಾಗದ ಕಿತ್ತುಹೋಗಿತ್ತು, ಮೇಲೆ ಏನೂ ಬರೆದಿರಲಿಲ್ಲ. ಅಕ್ರಿಲಿಕ್ ಅಂದುಕೊಂಡು ಲೇಸರ್ ಮಷೀನಿಗೆ ಹಾಕಿದೆ. ಅಂಚು ಹೊಳೆಯುವ ಬದಲು ಕಂದು ಬಣ್ಣಕ್ಕೆ ಸೀಯಿತು. ಮೂಗಿಗೆ ಸೂಜಿ ಚುಚ್ಚಿದಂಥ ವಾಸನೆ. ನನ್ನ ಹುಡುಗ ‘ಅಣ್ಣಾ, ಆಫ್ ಮಾಡಿ ಅಣ್ಣಾ’ ಅಂತ ಕೂಗುತ್ತಾ ಹೊರಗೆ ಓಡಿದ. ಅದು ಪಿವಿಸಿ, ಕ್ಲೋರಿನ್ ಇರುವ ಬೇರೆ ಪ್ಲಾಸ್ಟಿಕ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ತೇವ ಸೇರಿದರೆ ಅದೇ ಆ್ಯಸಿಡ್. ಎರಡು ವಾರದಲ್ಲಿ ಮಷೀನಿನ ಕಂಬಿಗಳ ಮೇಲೆ ತುಕ್ಕು. ತಪ್ಪು ಪೂರ್ತಿ ನನ್ನದು. ಮಾರ್ಕರಿನಲ್ಲಿ ಎರಡಕ್ಷರ ಬರೆದಿಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಈಗ ಅನುಮಾನ ಬಂದರೆ ತಾಮ್ರದ ತಂತಿ. ತಂತಿಯ ತುದಿಯನ್ನು ಗ್ಯಾಸ್ ಟಾರ್ಚಿನ ಉರಿಯಲ್ಲಿ ಬಣ್ಣ ಬರದಂತಾಗುವವರೆಗೆ ಕಾಯಿಸುತ್ತೇನೆ. ಬಿಸಿ ತುದಿಯನ್ನು ತುಂಡಿನ ಮೂಲೆಗೆ ತಾಗಿಸಿ, ಸಾಸಿವೆಯಷ್ಟು ಅಂಟಿದರೆ ಸಾಕು, ಮತ್ತೆ ಉರಿಗೆ ಹಿಡಿಯುತ್ತೇನೆ. ಉರಿ ಹಸಿರಾದರೆ ಪಿವಿಸಿ. ಹಸಿರು ಬರದಿದ್ದರೆ ಅಕ್ರಿಲಿಕ್ ಇರಬಹುದು. ಬಾಗಿಲ ಹತ್ತಿರ ನಿಂತು ಮಾಡುತ್ತೇನೆ. ಪ್ರತಿ ತುಂಡಿನ ಮೇಲೆ ಕಾಗದದ ಟೇಪ್ ಅಂಟಿಸಿ ಬರೆಯುವುದು ಮೂರೇ ವಿಷಯ: ಏನು, ಎಷ್ಟು ದಪ್ಪ, ಯಾವ ತಿಂಗಳು ಬಂದದ್ದು.

ತಿಂಗಳು ಯಾಕೆ ಅಂದರೆ, ಎತ್ತಿಡುವುದೂ ಒಂದು ಚಟ. ಬಿಟ್ಟರೆ ನಾನು ಎಲ್ಲಾ ಇಟ್ಟುಕೊಳ್ಳುವವನೇ. ಒಮ್ಮೆ ಅಟ್ಟದ ತುಂಬ ಸನ್‌ಬೋರ್ಡ್ ಪಟ್ಟಿ ತುಂಬಿಸಿಟ್ಟು ಅಲ್ಲಿ ಇಲಿ ಸಂಸಾರ ಹೂಡಿತ್ತು. ನನ್ನ ಹೆಂಡತಿ ‘ಇದೇನು ಅಂಗಡಿಯೋ ಗುಜರಿಯೋ’ ಅಂದಳು. ಈಗ ಒಂದು ವರ್ಷ ಮುಟ್ಟದ ತುಂಡು ಹೊರಗೆ ಹೋಗಬೇಕು. ಬಿಳಿ ಅಕ್ರಿಲಿಕ್ ಬಿಟ್ಟು. ಬಿಳಿ ಒಂದು ವರ್ಷ ಉಳಿಯುವುದೇ ಇಲ್ಲ.

2024ರ ಆರಂಭದ ಕಥೆ ಹೇಳಲೇಬೇಕು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ ಕಾನೂನಿನ ತಿದ್ದುಪಡಿ ಬಂತಲ್ಲ. ಬೆಂಗಳೂರಿನಲ್ಲಿ ಫೆಬ್ರುವರಿ 28ರ ಗಡುವು ಅಂತ ಗಡಿಬಿಡಿ. ಅದರ ಬಿಸಿ ಇಲ್ಲಿಗೂ ತಟ್ಟಿತು. ಕನ್ನಡ ಮೇಲೆ ಬಂದದ್ದಕ್ಕೆ ನನಗಿಂತ ಖುಷಿಪಟ್ಟವರು ಇರಲಿಕ್ಕಿಲ್ಲ. ದುಡಿಮೆಯೂ ಆಯಿತು, ಸುಳ್ಳು ಯಾಕೆ. ಆದರೆ ಇಳಿಸಿದ ಬೋರ್ಡುಗಳು ಎಲ್ಲಿ ಹೋಗಬೇಕು? ‘ಹಳೇದು ನೀವೇ ಇಟ್ಕೊಳಿ’ ಅಂತ ಎಲ್ಲರದೂ ಒಂದೇ ಮಾತು. ನನ್ನ ಅಂಗಡಿ ಮುಂದೆ ಬೈಕ್ ನಿಲ್ಲಿಸಲೂ ಜಾಗ ಇರಲಿಲ್ಲ.

ಎಷ್ಟು ಉಳಿಸಿದೆವು ಅಂದರೆ ಸುಮಾರಾಗಿ ಉಳಿಸಿದೆವು. ಎಸಿಪಿ ಶೀಟಿನ ಮಡಚಿದ ಅಂಚನ್ನು ಬಿಡಿಸಿ ಮತ್ತೆ ಮಡಚಿದರೆ ಅಲ್ಯೂಮಿನಿಯಂ ಸೀಳುತ್ತದೆ. ಅದಕ್ಕೆ ನಾಲ್ಕೂ ಕಡೆ ಎರಡಿಂಚು ಕತ್ತರಿಸಿ, ಚಪ್ಪಟೆ ಭಾಗ ಮಾತ್ರ ಇಟ್ಟುಕೊಂಡೆ. ಮುಂದಿನ ವಿನೈಲನ್ನು ಹೀಟ್‌ಗನ್ನಿನಲ್ಲಿ ಬೆಚ್ಚಗೆ ಮಾಡಿ ಮೂಲೆಯಿಂದ ನಿಧಾನ ಎಳೆದರೆ ಬಾಳೆಹಣ್ಣು ಸುಲಿದ ಹಾಗೆ ಬರುತ್ತದೆ. ಅವಸರ ಮಾಡಿದರೆ ಅಂಟು ಅಲ್ಲೇ ಉಳಿದು ಅರ್ಧ ದಿನ ಉಜ್ಜಬೇಕು. ಒಳಗಿನ 12 ವೋಲ್ಟಿನ ಎಲ್‌ಇಡಿಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆವು. ಚೆನ್ನಾಗಿದ್ದವು ಬಹಳ ಇದ್ದವು. ಆದರೆ ಹಳೇ ಬಿಳಿಯನ್ನೂ ಹೊಸ ಬಿಳಿಯನ್ನೂ ಒಂದೇ ಅಕ್ಷರದೊಳಗೆ ಹಾಕಬಾರದು. ರಾತ್ರಿ ಹಚ್ಚಿದರೆ ಅಕ್ಷರಕ್ಕೆ ತೊನ್ನು ಬಂದ ಹಾಗೆ ಕಾಣುತ್ತದೆ. ಹಾಗಾಗಿ ಹಳೇದೆಲ್ಲ ಹೊಲದ ಮನೆಗೆ, ದನದ ಕೊಟ್ಟಿಗೆಗೆ ದೀಪ ಕೇಳುವವರಿಗೆ ಹೋಯಿತು. ಒಂದು ಬೋರ್ಡಿನ ಇಂಗ್ಲಿಷ್ ‘ಓ’ ಪೂರ್ತಿ ದುಂಡಗಿತ್ತು. ಅದನ್ನು ಹಾಗೇ ಇಳಿಸಿ ಅದೇ ಗಿರಾಕಿಯ ಕನ್ನಡ ಹೆಸರಿಗೆ ಸೊನ್ನೆ ಮಾಡಿಕೊಟ್ಟೆ. ಅವರಿಗೆ ಈವರೆಗೆ ಗೊತ್ತಿಲ್ಲ. ದುಡ್ಡು ಕಮ್ಮಿ ಮಾಡಿದ್ದೆ, ಅದು ಬೇರೆ ವಿಷಯ.

ಫ್ಲೆಕ್ಸ್ ವಿಚಾರಕ್ಕೆ ಬಂದರೆ, 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧದ ಅಧಿಸೂಚನೆ ಬಂದಿದೆ. ಆದರೂ ರಸ್ತೆಯಲ್ಲಿ ಕಾಣುವುದು ಕಾಣುತ್ತಲೇ ಇದೆ. ನಾನು ಮುದ್ರಣ ಬಿಟ್ಟು ವರ್ಷಗಳಾದವು. ಹಳೇ ಫ್ಲೆಕ್ಸ್ ಕಂಡರೆ ತಿಪಟೂರು ಕಡೆಯ ನೆಂಟರು ಬಿಡುವುದಿಲ್ಲ, ಮಳೆ ಬಂದರೆ ಕಾಯಿ ರಾಶಿಗೆ, ಹುಲ್ಲಿನ ಮೆದೆಗೆ ಹೊದಿಸುತ್ತಾರೆ. ಎರಡು ಬೇಸಿಗೆ ಕಳೆದರೆ ಅದು ಹಪ್ಪಳದಂತೆ ಪುಡಿಯಾಗಿ ಹೊಲಕ್ಕೆ ಸೇರುತ್ತದೆ. ಇದನ್ನು ಮರುಬಳಕೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಆ ಮೋರಿಯ ವಿಷಯ. ಒಂದು ತಿಂಗಳು ನನ್ನ ಅಂಗಡಿಯ ಮಿಕ್ಕದ್ದನ್ನೆಲ್ಲ ತೂಗಿ ನೋಡಿದೆ. ಮತ್ತೆ ಬಳಸಿದ್ದು, ಇಟ್ಟುಕೊಂಡದ್ದು ಕಳೆದು 38 ಕೆಜಿ ಉಳಿಯಿತು. ಮೂರು ಎಂಎಂ ಅಕ್ರಿಲಿಕ್‌ನ ಪೂರ್ತಿ ಶೀಟ್ ಒಂದು ಹತ್ತೂವರೆ ಕೆಜಿ ತೂಗುತ್ತದೆ ಅಂದರೆ ನೀವೇ ಅಂದಾಜು ಮಾಡಿ. ಕಬ್ಬಿಣ, ಬರೀ ಅಲ್ಯೂಮಿನಿಯಂ ಆದರೆ ಗುಜರಿ ಸಾಬರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಎಸಿಪಿ ಕಂಡರೆ ಕೈ ಮುಗಿಯುತ್ತಾರೆ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಕಚ್ಚಿಕೊಂಡಿದೆ, ಬಿಡಿಸುವವರು ಯಾರು? ಅಕ್ರಿಲಿಕ್ ಚೂರಿಗೆ ಬೆಂಗಳೂರಿನಲ್ಲಿ ಕೊಳ್ಳುವವರಿದ್ದಾರೆ. ವಿಚಾರಿಸಿದೆ. ಪಿವಿಸಿ ಒಂದು ಚೂರೂ ಬೆರೆತಿರಬಾರದು, ಒಂದು ಗಾಡಿ ಆಗುವಷ್ಟು ಇರಬೇಕು ಅಂದರು. ನನ್ನ ಹತ್ತಿರ ಎರಡು ಚೀಲ ಇದೆ. ಎರಡು ಚೀಲಕ್ಕೆ ಎಪ್ಪತ್ತು ಕಿಲೋಮೀಟರ್ ಯಾರು ಬರುತ್ತಾರೆ? ಮನೆಮನೆ ಕಸದ ಗಾಡಿಯವರಿಗೂ ಇದು ಬೇಡ, ಅವರನ್ನು ದೂರಿ ಫಲವಿಲ್ಲ, ಅದು ಮನೆ ಕಸಕ್ಕೆ ಇರುವ ಗಾಡಿ. ಕಸವನ್ನು ರಸ್ತೆಗೆ, ಮೋರಿಗೆ ಹಾಕಬಾರದು, ಬಯಲಲ್ಲಿ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು. ಸರಿ. ಹಾಕಬಾರದು ಅಂದದ್ದು ಗೊತ್ತಾಯಿತು. ಎಲ್ಲಿ ಹಾಕಬೇಕು ಅನ್ನುವುದು ಗೊತ್ತಾಗದವನು ರಾತ್ರಿ ಹತ್ತು ಗಂಟೆಗೆ ಮೋರಿ ಹತ್ತಿರ ಗಾಡಿ ನಿಲ್ಲಿಸುತ್ತಾನೆ.

ನನ್ನ ಕೋರಿಕೆ ಇಷ್ಟೇ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲೋ, ಬೇರೆ ಎಲ್ಲಾದರೂ ಆಗಲಿ, ಒಂದು ಶೆಡ್ ಬೇಕು. 20 ಅಡಿಗೆ 30 ಅಡಿ ಸಾಕು. ಬಿಸಿಲು ತಾಗದ ಛಾವಣಿ, ಒಂದು ತಕ್ಕಡಿ, ಒಂದು ಪುಸ್ತಕ. ಅಕ್ರಿಲಿಕ್‌ಗೆ ಒಂದು ಕಟಕಟೆ, ಪಿವಿಸಿಗೆ ಒಂದು, ಎಸಿಪಿಗೆ ಒಂದು. ಹೆಸರು ಬರೆಯದ ತುಂಡಿಗೆ ಒಳಗೆ ಪ್ರವೇಶ ಇಲ್ಲ. ಊರಿನ ಅಂಗಡಿಗಳೆಲ್ಲ ಅಲ್ಲಿ ತಂದಿಟ್ಟರೆ ಎರಡು ಚೀಲ ಹೋಗಿ ಒಂದು ಗಾಡಿ ಆಗುತ್ತದೆ. ಅದಕ್ಕಿಂತ ಮೊದಲು ನಮ್ಮ ನಮ್ಮಲ್ಲೇ ಅರ್ಧ ಖರ್ಚಾಗುತ್ತದೆ. ನನ್ನಲ್ಲಿ ಹಸಿರು ಅಕ್ರಿಲಿಕ್ ತುಂಡು ಕೊಳೆಯುತ್ತಾ ಬಿದ್ದಿರುವಾಗ ಇನ್ನೊಬ್ಬರು ಆರು ಇಂಚು ಹಸಿರಿಗೆ ಪೂರ್ತಿ ಶೀಟ್ ತರಿಸುತ್ತಿರುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ. ಕಳೆದ ದೀಪಾವಳಿಗೆ ಹಾಗೇ ಆಯಿತು, ಅವರ ಅಂಗಡಿ ನಮ್ಮಿಂದ ಎರಡು ಬೀದಿ ಆಚೆ. ಬಾಡಿಗೆ ಬೇಕಾದರೆ ಅಂಗಡಿಗಿಷ್ಟು ಅಂತ ಹಾಕಿಕೊಳ್ಳುತ್ತೇವೆ. ಜಾಗ ತೋರಿಸುವ ಅಧಿಕಾರ ಮಾತ್ರ ನಮ್ಮ ಕೈಯಲ್ಲಿಲ್ಲ. ಆ ಮೂರು ಕಟಕಟೆಗೆ ಬೋರ್ಡ್ ಬರೆದುಕೊಡುವ ಕೆಲಸ ನನ್ನದು, ದುಡ್ಡು ಬೇಡ. ತುಂಡುಗಳಲ್ಲೇ ಮಾಡಿಕೊಡುತ್ತೇನೆ.

ಪತ್ರ ಬರೆದ ಆ ಓದುಗರಿಗೂ ಒಂದು ಮಾತು. ನೀವು ಹೇಳಿದ ಮೇಲೆ ನಾನು, ನನ್ನ ಹುಡುಗ ಹೋಗಿ ಆ ಮೋರಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದೆವು. ಕೆಂಪು ತುಂಡು ತೊಳೆದರೆ ಚೆನ್ನಾಗೇ ಇತ್ತು. ಶೆಡ್ ಆಗುವವರೆಗೆ, ಶಾಲೆಯ ಪ್ರಾಜೆಕ್ಟಿಗೋ ಮನೆ ಹೆಸರಿಗೋ ತುಂಡು ಬೇಕಾದವರು ಭಾನುವಾರ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಡಬ್ಬದಿಂದ ಆರಿಸಿಕೊಳ್ಳಬಹುದು. ಬಿಳಿ ಮಾತ್ರ ಕೇಳಬೇಡಿ, ಅದು ನಮಗೇ ಸಾಲುವುದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಬೋರ್ಡ್ ಕೆಲಸಗಾರ, ತುಮಕೂರು