ಐದರ ನಾಣ್ಯ ಬಿಟ್ಟು ಹತ್ತರ ನಾಣ್ಯಕ್ಕೆ: ನಮ್ಮ ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರಿಗೂ, ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಮಿಠಾಯಿಯೋ ಆಟಿಕೆಯ ಡಬ್ಬಿಯೋ ಬೀಳುವ ನಮ್ಮ ಯಂತ್ರಗಳಿಗೆ ಗಲ್ಲೆಯ ಪಕ್ಕದಲ್ಲಿ ಜಾಗ ಕೊಟ್ಟಿರುವ ಹೋಟೆಲು ಮತ್ತು ಅಂಗಡಿಗಳ ಧಣಿಗಳಿಗೂ ನಮಸ್ಕಾರಗಳು.

ಬರುವ ತಿಂಗಳ ಮೊದಲ ಭಾನುವಾರದಿಂದ, ಮುಂಬಯಿಯ ದಾದರಿನಿಂದ ಡೊಂಬಿವಲಿಯವರೆಗೆ ಇರುವ ನಮ್ಮ 11 ಯಂತ್ರಗಳೂ 5 ರೂಪಾಯಿಯ ನಾಣ್ಯವನ್ನು ಬಿಟ್ಟು 10 ರೂಪಾಯಿಯ ನಾಣ್ಯಕ್ಕೆ ಮಾತ್ರ ತಿರುಗಲಿವೆ. ಮುಲುಂಡಿನ ಎರಡು ಯಂತ್ರಗಳನ್ನು ಯಾರಿಗೂ ತಿಳಿಸದೆ ಕಳೆದ ತಿಂಗಳೇ ಬದಲಿಸಿದ್ದೆವು. ಐದರ ನಾಣ್ಯ ಹಿಡಿದು ಬಂದ ಮಕ್ಕಳು ಯಂತ್ರದ ಮುಂದೆ ನಿಂತು, ಹಿಡಿಕೆ ಅಲ್ಲಾಡದಿದ್ದಾಗ ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದ್ದನ್ನು ಗಲ್ಲೆಯಲ್ಲಿದ್ದವರೇ ನಮಗೆ ಹೇಳಿದರು. ಈ ಪತ್ರವನ್ನು ಅದಕ್ಕೂ ಮೊದಲೇ ಬರೆಯಬೇಕಾಗಿತ್ತು. ಬರೆಯದಿದ್ದುದು ನಮ್ಮ ತಪ್ಪು, ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ಬದಲಾವಣೆಗಾಗಿ ಮಾತ್ರ ಕ್ಷಮೆ ಕೇಳುತ್ತಿಲ್ಲ, ಏಕೆಂದರೆ ಅದು ತಪ್ಪೆಂದು ನಮಗೆ ಅನಿಸಿಲ್ಲ.

ಮುಲುಂಡಿನ ಸುದ್ದಿ ಹರಡಿದಂದಿನಿಂದ ನಾವು ಕೇಳುತ್ತಿರುವುದು ಒಂದೇ ದೂರು: ‘ಐದು ಇದ್ದದ್ದು ಆರು ಆಗಲಿ, ಏಳು ಆಗಲಿ, ಒಮ್ಮೆಲೇ ಹತ್ತು ಮಾಡಿದ್ದೀರಲ್ಲ, ಮಕ್ಕಳ ಕೈಯ ದುಡ್ಡಿಗೇ ಕಣ್ಣು ಹಾಕಿದಿರಾ?’ ಹೋಟೆಲಿನ ಗಲ್ಲೆಯಲ್ಲಿ ಕೇಳಿದ್ದೇವೆ, ಲೋಕಲ್ ರೈಲಿನಲ್ಲಿ ಕೇಳಿದ್ದೇವೆ, ಹೋದ ವಾರ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿನಲ್ಲೂ ಕೇಳಿದ್ದೇವೆ. ಆದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಲು ಅವಕಾಶ ಕೊಡಬೇಕು.

ನಮ್ಮ ಯಂತ್ರಕ್ಕೆ ಕರೆಂಟು ಇಲ್ಲ, ಲೆಕ್ಕ ಬರುವುದಿಲ್ಲ. ಹಿಡಿಕೆಯ ಹಿಂದೆ ಒಂದು ಲೋಹದ ಚಕ್ರವಿದೆ, ಆ ಚಕ್ರದಲ್ಲಿ ನಾಣ್ಯ ಕೂರುವಷ್ಟು ಒಂದು ಗುಂಡಿ ಇದೆ. ಗುಂಡಿಯ ಅಳತೆಗೆ ಸರಿಯಾದ ನಾಣ್ಯ ಕುಳಿತರೆ ಚಕ್ರ ಸುತ್ತುತ್ತದೆ. ಚಿಕ್ಕ ನಾಣ್ಯವಾದರೆ ಒಳಗಿನ ಸ್ಪ್ರಿಂಗಿನ ಕೊಕ್ಕೆ ಕೆಳಗಿಳಿದು ಚಕ್ರವನ್ನು ತಡೆಯುತ್ತದೆ. ಅಂದರೆ ಯಂತ್ರ ನೋಡುವುದು ನಾಣ್ಯದ ಅಳತೆಯನ್ನು, ಬೆಲೆಯನ್ನಲ್ಲ. ಆರು ರೂಪಾಯಿಗೂ ಏಳು ರೂಪಾಯಿಗೂ ಸರ್ಕಾರ ನಾಣ್ಯ ಟಂಕಿಸಿಲ್ಲವಾದ್ದರಿಂದ ನಮಗೆ ಐದು ಬಿಟ್ಟರೆ ಹತ್ತೇ ಗತಿ. ಎರಡು ನಾಣ್ಯ ಹಾಕುವ ಚಕ್ರಗಳೂ ಸಿಗುತ್ತವೆ, ಆದರೆ ಒಂದನ್ನು ಹಾಕಿ ಇನ್ನೊಂದಕ್ಕಾಗಿ ಅಪ್ಪನ ಜೇಬು ತಡಕಾಡುವ ಮಕ್ಕಳಿಗೆ ಅದು ಹೊಂದುವುದಿಲ್ಲ.

ಐದರಲ್ಲೇ ಮುಂದುವರಿಯಬಹುದಿತ್ತಲ್ಲ ಎನ್ನುವವರು ತಮ್ಮ ಮನೆಯ ಚಿಲ್ಲರೆ ಡಬ್ಬಿಯನ್ನೊಮ್ಮೆ ಮೇಜಿನ ಮೇಲೆ ಸುರಿದು ನೋಡಬೇಕೆಂದು ವಿನಂತಿ. ನಾವು ಯಂತ್ರ ಕೊಂಡದ್ದು 23 ಮಿಲಿಮೀಟರ್ ಅಗಲದ ಹಿತ್ತಾಳೆ ಬಣ್ಣದ ಐದು ರೂಪಾಯಿ ನಾಣ್ಯವನ್ನು ನಂಬಿಕೊಂಡು. 2019ರಲ್ಲಿ ಪ್ರಕಟವಾದ ಹೊಸ ಸರಣಿಯ ಐದು ರೂಪಾಯಿ 25 ಮಿಲಿಮೀಟರ್ ಅಗಲವಿದೆ. ಅದೇ ಸರಣಿಯ ಎರಡು ರೂಪಾಯಿ ಸರಿಯಾಗಿ 23 ಮಿಲಿಮೀಟರ್. ಇದರ ಪರಿಣಾಮವನ್ನು ಅನುಭವಿಸಿದವರು ನಾವು. ಹೊಸ ಐದು ಒಳಗೆ ಹೋಗುವುದಿಲ್ಲ, ಮಗು ಮುಷ್ಟಿಯಿಂದ ಗುದ್ದುತ್ತದೆ, ನಾಣ್ಯ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ‘ಯಂತ್ರ ದುಡ್ಡು ನುಂಗಿತು’ ಎಂಬ ಮಾತು ಹುಟ್ಟುತ್ತದೆ. ಹೊಸ ಎರಡು ರೂಪಾಯಿಯಾದರೋ ಸಲೀಸಾಗಿ ಕುಳಿತು ಸುತ್ತುತ್ತದೆ. ಘಾಟ್ಕೋಪರಿನ ಯಂತ್ರದ ಹಣದ ಡಬ್ಬಿಯನ್ನು ಒಂದು ಭಾನುವಾರ ತೆರೆದಾಗ 61 ನಾಣ್ಯಗಳಲ್ಲಿ 38 ಎರಡು ರೂಪಾಯಿಯವಾಗಿದ್ದವು. ಈ ಗುಟ್ಟನ್ನು ಕಂಡುಹಿಡಿದ ಚಿಕ್ಕ ವಿಜ್ಞಾನಿ ಯಾರೆಂಬುದು ನಮಗೆ ಗೊತ್ತಿದೆ, ಅವನ ಮೇಲೆ ಸಿಟ್ಟೂ ಇಲ್ಲ. ಆದರೆ ಆ ಲೆಕ್ಕದಲ್ಲಿ ಮಿಠಾಯಿಯ ಅಸಲು ಕೂಡ ಹುಟ್ಟುವುದಿಲ್ಲ.

ಹತ್ತರ ನಾಣ್ಯಕ್ಕೆ ಈ ಗೊಂದಲವಿಲ್ಲ. ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಹೇಳಿದಂತೆ 14 ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಗೆ ಅರ್ಹ, ಎಲ್ಲದರ ಅಗಲವೂ 27 ಮಿಲಿಮೀಟರ್. ಇಂದಿಗೂ ಕೆಲವು ಅಂಗಡಿಗಳಲ್ಲಿ ‘ಇದು ನಡೆಯುವುದಿಲ್ಲ’ ಎಂದು ಆ ನಾಣ್ಯವನ್ನು ಹಿಂದಕ್ಕೆ ತಳ್ಳುತ್ತಾರೆ. ನಮ್ಮ ಯಂತ್ರ ಒಂದನ್ನೂ ತಳ್ಳುವುದಿಲ್ಲ ಎಂಬ ಹೆಮ್ಮೆ ನಮಗಿದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. 12 ಮೂಲೆಯ ಇಪ್ಪತ್ತು ರೂಪಾಯಿ ನಾಣ್ಯದ ಅಗಲವೂ 27 ಮಿಲಿಮೀಟರೇ ಆದ್ದರಿಂದ ಅವಸರದಲ್ಲಿ ಅದನ್ನು ಹಾಕಬೇಡಿ. ಹಾಕಿದ್ದೇ ಆದರೆ ಗಲ್ಲೆಯಲ್ಲಿಟ್ಟಿರುವ ನಮ್ಮ ನೋಟುಪುಸ್ತಕದಲ್ಲಿ ಬರೆಸಿ, ಉಳಿದ ಹತ್ತನ್ನು ಮುಂದಿನ ಭಾನುವಾರ ಕೊಡುತ್ತೇವೆ.

ಇನ್ನು ಹತ್ತು ರೂಪಾಯಿಗೆ ಸಿಗುವುದೇನು ಎಂಬ ಪ್ರಶ್ನೆ. ಮಿಠಾಯಿ ಬೀಳುವ ತಟ್ಟೆಯ ಕಿಂಡಿಯನ್ನು ದೊಡ್ಡದು ಮಾಡಿದ್ದೇವೆ. ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಹತ್ತು ಬಾರಿ ತೂಗಿ ನೋಡಿದ ಪ್ರಕಾರ, ಮೊದಲು ಒಂದು ತಿರುವಿಗೆ ಸುಮಾರು 12 ಗ್ರಾಂ ಬೀಳುತ್ತಿದ್ದದ್ದು ಈಗ ಸುಮಾರು 21 ಗ್ರಾಂ ಬೀಳುತ್ತದೆ. ಇದು ಇಮ್ಮಡಿಯಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕೊರತೆಯಾದ ಆ ಮೂರು ಗ್ರಾಮೇ ಈ ವ್ಯವಹಾರವನ್ನು ಉಳಿಸುತ್ತದೆ. ಆಟಿಕೆಯ ಯಂತ್ರದಲ್ಲಿ ಮೊದಲಿನಂತೆ ಒಂದೇ ಡಬ್ಬಿ ಬೀಳುತ್ತದೆ. ಅಲ್ಲಿ ನಿಜವಾಗಿಯೂ ಬೆಲೆ ಇಮ್ಮಡಿಯಾಗಿದೆ.

ಆ ಇಮ್ಮಡಿಯ ಹೊಣೆಯನ್ನು ನಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ವಿದೇಶದಿಂದ ಬರುವ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಗುರುತಿಲ್ಲದ ಚಿಲ್ಲರೆ ಸಾಮಾನು ಕ್ರಾಫರ್ಡ್ ಮಾರ್ಕೆಟ್ಟಿನ ಆಸುಪಾಸಿನ ಗಲ್ಲಿಗಳಲ್ಲಿ ಇಂದಿಗೂ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ‘ಯಾರು ನೋಡುತ್ತಾರೆ?’ ಎಂದು ನಮಗೂ ಹೇಳಿದವರಿದ್ದಾರೆ. ನಾವು ಅದನ್ನು ತರುವುದಿಲ್ಲ. ಹೊಸ ಸಾಮಾನಿನ ಪ್ರತಿ ಚೀಲದಿಂದ ನಾಲ್ಕಾರು ಆಟಿಕೆಗಳನ್ನು ನನ್ನ ತಮ್ಮ ಕೈಯಿಂದ ಎಳೆದು, ನೆಲಕ್ಕೆ ಹಾಕಿ, ನೀರಿನಲ್ಲಿ ನೆನೆಸಿ ನೋಡುತ್ತಾನೆ. ಬಣ್ಣ ಬಿಟ್ಟರೆ ಅಥವಾ ಚಕ್ರ ಕಳಚಿದರೆ ಆ ಚೀಲ ಯಂತ್ರಕ್ಕೆ ಹೋಗುವುದಿಲ್ಲ. ಇಷ್ಟಾದರೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಈ ಡಬ್ಬಿ ಕೊಡಬೇಡಿ, ಚಿಕ್ಕ ವಸ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

2025ರ ಸೆಪ್ಟೆಂಬರ್ 22ರಿಂದ ಮಿಠಾಯಿಗೂ ಸಾಮಾನ್ಯ ಆಟಿಕೆಗಳಿಗೂ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಇಳಿದದ್ದು ನಿಜ. ನಮ್ಮ ವಹಿವಾಟು ನೋಂದಣಿಯ ಮಿತಿಗಿಂತ ಎಷ್ಟೋ ಕೆಳಗಿರುವುದರಿಂದ ನಾವು ತೆರಿಗೆಯನ್ನು ಖರೀದಿಯ ಬೆಲೆಯಲ್ಲೇ ಕೊಡುತ್ತೇವೆ, ಅಲ್ಲಿ ಒಂದಿಷ್ಟು ಉಳಿಯಿತು. ಆದರೆ ಆ ಉಳಿತಾಯವೆಲ್ಲ ಮುಂಬಯಿಯ ಮಳೆಗಾಲಕ್ಕೆ ಸಾಲದು. ಜೂನ್ ತಿಂಗಳು ಬಂತೆಂದರೆ ಗಾಜಿನ ಬುರುಡೆಯೊಳಗಿನ ಸಕ್ಕರೆ ಲೇಪದ ಮಿಠಾಯಿ ಬೆವರುತ್ತದೆ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಹಿಡಿಕೆ ತಿರುಗುತ್ತದೆ, ಕೆಳಗೆ ಏನೂ ಬೀಳುವುದಿಲ್ಲ. ಹೋದ ಆಷಾಢದಲ್ಲಿ ಸುಮಾರು ಒಂಬತ್ತು ಕಿಲೋ ಮಿಠಾಯಿಯನ್ನು ಹೀಗೆ ಎಸೆದೆವು, ಮತ್ತೆ ತುಂಬುವ ಮುನ್ನ ಪ್ರತಿ ಬುರುಡೆಯನ್ನೂ ಬಿಸಿನೀರಿನಲ್ಲಿ ತೊಳೆದು ಒಣಗಿಸಿದೆವು. ಆದಕಾರಣ ಇನ್ನು ಮುಂದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡಿ ಮಿಠಾಯಿ ಇರುವುದಿಲ್ಲ, ಎಲ್ಲ ಯಂತ್ರಗಳಲ್ಲೂ ಆಟಿಕೆಯ ಡಬ್ಬಿಗಳೇ ಇರುತ್ತವೆ. (ಬಿಲ್ಲಿನ ತಟ್ಟೆಯಲ್ಲಿ ಪುಕ್ಕಟೆ ಸೋಂಪು ಕೊಡುವ ಹೋಟೆಲಿನಲ್ಲಿ ದುಡ್ಡಿಗೆ ಮಿಠಾಯಿ ಮಾರುವುದು ಬೇಸಿಗೆಯಲ್ಲೇ ಕಷ್ಟ!)

ಧಣಿಗಳಿಗೊಂದು ಮಾತು. ಜಾಗಕ್ಕಾಗಿ ತಮಗೆ ಸಲ್ಲುತ್ತಿರುವ ನಾಲ್ಕನೇ ಒಂದು ಪಾಲು ಹಾಗೆಯೇ ಮುಂದುವರಿಯುತ್ತದೆ. ಬೆಲೆ ಏರಿದ್ದು ‘ಹೋಟೆಲಿನವರ ಕಮಿಷನ್ನಿನಿಂದ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಈ ಪತ್ರವನ್ನೇ ಮುಂದಿಡಿ; ತಾವು ಒಂದು ಪೈಸೆಯನ್ನೂ ಹೆಚ್ಚು ಕೇಳಿಲ್ಲ. ನಾಣ್ಯಗಳನ್ನು ಬ್ಯಾಂಕಿಗೆ ಒಯ್ದಾಗ ‘ಇಷ್ಟು ಎಣಿಸುವವರು ಯಾರು, ಮಧ್ಯಾಹ್ನ ಬನ್ನಿ’ ಎಂದು ನಮ್ಮನ್ನು ಮೂರು ಬಾರಿ ಹಿಂದಕ್ಕೆ ಕಳುಹಿಸಿದಾಗ, ಆ ಚಿಲ್ಲರೆಯನ್ನು ತೆಗೆದುಕೊಂಡು ನೋಟು ಕೊಟ್ಟವರೂ ತಾವೇ. ಅದನ್ನು ನಾವು ಮರೆತಿಲ್ಲ.

ಕ್ಯೂಆರ್ ಕೋಡ್ ಹಾಕಿ, ಆಗ ನಾಣ್ಯದ ತಾಪತ್ರಯವೇ ಇಲ್ಲ ಎಂಬ ಸಲಹೆಯೂ ಬಂದಿದೆ. ಅಂಥ ಯಂತ್ರಕ್ಕೆ ಕರೆಂಟು, ಸಿಮ್ ಕಾರ್ಡು, ಮೋಟಾರು ಎಲ್ಲ ಬೇಕು. ನಮ್ಮ ಕೈಗೆ ಸದ್ಯಕ್ಕೆ ಎಟುಕುವುದಿಲ್ಲ. ಅಲ್ಲದೆ ಹಿಡಿಕೆ ತಿರುಗಿಸುವಾಗಿನ ಆ ಕರಕರ ಸದ್ದಿಗಾಗಿಯೇ ಅರ್ಧ ಮಕ್ಕಳು ಬರುತ್ತಾರೆ ಎಂಬುದು ನನ್ನ ಅಭಿಪ್ರಾಯ, ತಮ್ಮನ ಅಭಿಪ್ರಾಯ ಬೇರೆಯಿದೆ.

ನಾವಿಬ್ಬರೂ ವಾರದ ಆರು ದಿನ ಬೇರೆ ಕಡೆ ನೌಕರಿ ಮಾಡುವವರು. ಭಾನುವಾರ ಬೆಳಗ್ಗೆ ಮಿಠಾಯಿಯ ಚೀಲ, ಕೀಲಿಗೊಂಚಲು, ಒರೆಸುವ ಬಟ್ಟೆ ಹಿಡಿದು ರೈಲು ಹತ್ತುತ್ತೇವೆ. ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದ ದಿನ ಕೆಲವು ಯಂತ್ರಗಳಿಗೆ ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ. ಯಂತ್ರ ಖಾಲಿಯಿದೆಯೆಂದು ಬುಧವಾರ ಹೇಳಿದರೆ ಭಾನುವಾರದವರೆಗೆ ತಾಳಿಕೊಳ್ಳಬೇಕಾಗುತ್ತದೆ. ಇದು ಮೊದಲೂ ಹೀಗೆಯೇ ಇತ್ತು, ಮುಂದೆಯೂ ಹೀಗೆಯೇ ಇರುತ್ತದೆ.

ಹಳೆಯ ಚಕ್ರಗಳನ್ನು ಬಿಚ್ಚುವಾಗ ಒಳಗೆ ಸಿಕ್ಕಿಕೊಂಡಿದ್ದ 17 ಐದರ ನಾಣ್ಯಗಳು ಸಿಕ್ಕಿವೆ. ಯಾವ ಯಂತ್ರದಿಂದ ಎಷ್ಟು ಎಂದು ಬರೆದು ಆಯಾ ಗಲ್ಲೆಯಲ್ಲಿ ಲಕೋಟೆಯಲ್ಲಿ ಇಟ್ಟಿದ್ದೇವೆ. ತಮ್ಮ ಮಗುವಿನ ನಾಣ್ಯ ಹೋಗಿದೆ ಎನ್ನುವವರು ಕೇಳಿ ಪಡೆಯಬಹುದು, ಸಾಕ್ಷಿ ಬೇಕಿಲ್ಲ. ದಾದರಿನ ಯಂತ್ರದ ಬಿರುಕು ಬಿಟ್ಟ ಗಾಜನ್ನು ಬರುವ ಭಾನುವಾರ ಬದಲಿಸಲಾಗುವುದು. ಅಲ್ಲಿಯವರೆಗೆ ಅದರ ಮೇಲೆ ಅಂಟಿಸಿರುವ ಟೇಪನ್ನು ದಯವಿಟ್ಟು ಕೀಳಬೇಡಿ.

ತಮ್ಮ ವಿಶ್ವಾಸಿಗಳು,
ಕೆಂಪು ಡಬ್ಬಿಯ ಅಕ್ಕ-ತಮ್ಮ