ಊದಿದವರಿಗೆ, ಊದಿಸಿದವರಿಗೆ ನಮಸ್ಕಾರ

ಈ ತಿಂಗಳು ನಾನು ವೈದ್ಯೆಯ ಕೆಲಸದಿಂದ ನಿವೃತ್ತಳಾದೆ. ಮಡಿಕೇರಿಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಮನಸ್ಸು ತುಂಬಿ ಬಂತು. ಆದರೆ ನಾನು ಯಾರಿಗೆ ಹೆಚ್ಚು ಋಣಿಯೋ, ಅವರು ಆ ಹೊತ್ತಿಗೆ ತೋಟದಲ್ಲಿ ಮೆಣಸು ಕುಯ್ಯುತ್ತಿದ್ದರು. ಅವರಿಗಾಗಿ ಈ ನಾಲ್ಕು ಮಾತು.

ಬೀಡಿ ಸಿಗರೇಟು ಮುಟ್ಟದ ಹೆಂಗಸರು ಸಿಒಪಿಡಿಯಿಂದ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಂದ, ಏದುಸಿರು ಬಿಡುತ್ತಾ ಬರುತ್ತಿದ್ದರು. ಕಾರಣ ತಿಳಿಯಬೇಕಾದರೆ ತೋಟದ ಕೆಲಸಗಾರರು ಇರುವ ಸಾಲು ಮನೆಗೇ, ಅಂದರೆ ಲೈನ್ ಮನೆಗೇ ಹೋಗಬೇಕಿತ್ತು. ಕೊಡಗಿನ ಮಳೆ ಗೊತ್ತಲ್ವಾ? ಸೌದೆ ಒಣಗುವುದಿಲ್ಲ, ಬಾಗಿಲು ತೆರೆಯುವ ಹಾಗಿಲ್ಲ. ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಮಗುವಿನ ಹಾಸಿಗೆ, ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದ ಒದ್ದೆ ಬಟ್ಟೆ.

ಒಲೆಯ ಹೊಗೆಯನ್ನು ಅಳೆಯುವ ಕೆಲಸವನ್ನು 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಮಾಡಿ ತೋರಿಸಿದವರು ಅಮೆರಿಕದ ವಿಜ್ಞಾನಿ ಕಿರ್ಕ್ ಸ್ಮಿತ್. ಚೆನ್ನೈನ ವಿಜ್ಞಾನಿ ಕಲ್ಪನಾ ಬಾಲಕೃಷ್ಣನ್ ಅದನ್ನು ಬೆಳೆಸಿದರು. ಇವರಿಬ್ಬರನ್ನು ಓದಿಯೇ ನಾನು ದಾರಿ ಕಂಡುಕೊಂಡದ್ದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಪೊನ್ನಂಪೇಟೆ ಕಡೆಯ ನಮ್ಮ ಆಶಾ ಅಕ್ಕಂದಿರು ಇಲ್ಲದಿದ್ದರೆ ನನ್ನ ಯಂತ್ರಗಳು ಸುಮ್ನೆ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೀಟರ್‌ಗೆ ಎದೆ ತುಂಬ ಉಸಿರೆಳೆದು ಒಂದೇ ಸಮನೆ ಆರು ಸೆಕೆಂಡಾದರೂ ಊದಬೇಕು. ಯರವ ಬುಡಕಟ್ಟಿನ ಹೆಂಗಸರು ನನ್ನೆದುರು ನಾಚಿಕೊಂಡು ನಿಲ್ಲಿಸಿಬಿಡುತ್ತಿದ್ದರು. ಆಗ ಆಶಾ ಅಕ್ಕ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರ ಮಾತಲ್ಲೇ ಹುರಿದುಂಬಿಸಿ, ಚಪ್ಪಾಳೆ ತಟ್ಟಿ ಊದಿಸುತ್ತಿದ್ದರು. ಬಾಗಿಲಲ್ಲಿ ನಿಂತ ಮಕ್ಕಳೂ ಕೆನ್ನೆ ಉಬ್ಬಿಸಿ ಊದುತ್ತಿದ್ದವು.

ಒಬ್ಬ ಅವ್ವನಿಗೆ ನನ್ನ ವಿಶೇಷ ನಮಸ್ಕಾರ. ಒಲೆಯ ಪಕ್ಕ, ಕೂತವರ ಮೂಗಿನ ಎತ್ತರಕ್ಕೆ, ಗಾಳಿ ಎಳೆದು ಹೊಗೆಯನ್ನು ಫಿಲ್ಟರ್‌ನಲ್ಲಿ ಹಿಡಿಯುವ ಪಂಪ್ ಕಟ್ಟಿದ್ದೆವು. ಮರುದಿನ ತೆಗೆದರೆ ಹಾಲಿನ ಹಾಗಿದ್ದ ಫಿಲ್ಟರ್ ಕರ್ರಗಾಗಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಧಣಿಗಳಿಗೂ ತೋರ್ಸಿ ಡಾಕ್ಟ್ರಮ್ಮ" ಅಂದರು. ತೋರಿಸಿದೆವು. ಆ ಸಾಲಿನ ಮನೆಗಳಿಗೆಲ್ಲ ಹೊಗೆ ಗೂಡು ಬಂತು. ನನ್ನ ಯಾವ ಪ್ರಬಂಧದಿಂದಲೂ ಅಷ್ಟು ಬೇಗ ಕೆಲಸ ಆಗಿರಲಿಲ್ಲ.

ಅಡುಗೆ ಗ್ಯಾಸ್ ವಿಷಯ ಎತ್ತಿದವರೂ ಆ ಲೈನ್ ಮನೆಯವರೇ. ಮನೆ ತೋಟದವರದ್ದು, ಗ್ಯಾಸ್ ಸಂಪರ್ಕಕ್ಕೆ ಕೇಳುವ ವಿಳಾಸದ ಪುರಾವೆ ಎಲ್ಲಿಂದ ತರುವುದು? ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಕೇಂದ್ರದ ಉಜ್ವಲಾ ಯೋಜನೆಯ 2021ರ ಎರಡನೇ ಹಂತದಲ್ಲಿ ವಲಸೆ ಕುಟುಂಬಗಳಿಗೆ ಸ್ವಯಂ ಘೋಷಣೆ ಸಾಕು ಅಂತಾದಾಗ, ಅಸ್ಸಾಮಿನಿಂದ ಬಂದ ಕೆಲಸಗಾರರಿಗೆ ಕೂತು ಅರ್ಜಿ ತುಂಬಿಕೊಟ್ಟವರು ತೋಟದ ಲೆಕ್ಕಪತ್ರ ಬರೆಯುವ ರೈಟರ್‌ಗಳು. ಅದು ಅವರ ಕೆಲಸವೇ ಅಲ್ಲ. ಆದರೂ ಮಾಡಿದರು. ಸಿಲಿಂಡರ್ ಮುಗಿದ ಮೇಲೆ ಮತ್ತೆ ತುಂಬಿಸುವ ದುಡ್ಡಿನ ಕಷ್ಟ ಇನ್ನೂ ಹಾಗೇ ಇದೆ. ಕಾಯಿಲೆ ಯಾರಿಗೆ ಬರುತ್ತದೆ ಅನ್ನುವುದನ್ನು ಕೂಲಿ, ಮನೆ, ಕಾಗದಪತ್ರಗಳೂ ತೀರ್ಮಾನಿಸುತ್ತವೆ ಅಂತ ನನಗೆ ಕಲಿಸಿದ್ದು ಈ ಜನ. ವೈದ್ಯಕೀಯ ಪುಸ್ತಕದಲ್ಲಿ ನಾನು ಇದನ್ನು ಓದಿರಲಿಲ್ಲ.

ಭೂಕುಸಿತದ 2018ರ ಮಳೆಯಲ್ಲೂ ಜೀಪು ಓಡಿಸಿದ ಅಣ್ಣನಿಗೆ, ಲ್ಯಾಬಿನ ಹುಡುಗಿಯರಿಗೆ, ಊಟಕ್ಕೆ ಕಾಯುತ್ತಿದ್ದ ಮನೆಯವರಿಗೆ ಧನ್ಯವಾದ.

ಸ್ಪೈರೋಮೀಟರನ್ನು ಆಶಾ ಅಕ್ಕಂದಿರ ಜೊತೆಗಿರುವ ಕಿರಿಯ ವೈದ್ಯೆಗೆ ಒಪ್ಪಿಸಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಲೈನ್ ಮನೆಗಳ ಸುತ್ತು ಶುರು. ಕರೆದರೆ ನಾನೂ ಬರುತ್ತೇನೆ.